ಕಾರ್ಖಾನಾದರ್ಶನ ಮೀಮಾಂಸೆ: ಕೆಮ್ಮಣ್ಣುಗುಂಡಿ ಅಧಿಕರಣ

ವಿಷಯ: ಗೈಡಿನ ಹಿಂದೆ ಸಾಲಾಗಿ ನಡೆದು ಕಾರು ಕಾರ್ಖಾನೆಯನ್ನು ನೋಡುವ ವಿಧಿ. ಹಳದಿ ಗೆರೆ ದಾಟಬಾರದು, ಏನನ್ನೂ ಮುಟ್ಟಬಾರದು, ಫೋಟೊ ತೆಗೆಯಬಾರದು ಎಂಬ ಮೂರು ನಿಷೇಧಗಳು ಇದರ ಅಂಗ. ದೇವಸ್ಥಾನದ ಮಡಿಗೆ ಹೆಲ್ಮೆಟ್ಟು ಸೇರಿಸಿದರೆ ಈ ವಿಧಿ ಸಿದ್ಧ.

ಸಂಶಯ: ದರ್ಶನ ಆರಂಭಿಸಬೇಕಾದದ್ದು ಬಿಡದಿಯಿಂದಲೋ, ಕೆಮ್ಮಣ್ಣುಗುಂಡಿ ಬೆಟ್ಟದಿಂದಲೋ?

ಪೂರ್ವಪಕ್ಷ: ಬಿಡದಿಯಿಂದಲೇ. 1999ರ ಕೊನೆಗೆ ಅಲ್ಲಿನ ಟೊಯೋಟಾ ಕಾರ್ಖಾನೆಯಲ್ಲಿ ಕ್ವಾಲಿಸ್ ಕಾರು ತಯಾರಾಗತೊಡಗಿತು. ಕೆಮ್ಮಣ್ಣುಗುಂಡಿಯಲ್ಲಿ ಒಂದು ಸೈಕಲ್ ಬೆಲ್ಲೂ ತಯಾರಾಗಿಲ್ಲ. ತಗಡಿನ ಸುರುಳಿ, ಪ್ರೆಸ್ಸು, ವೆಲ್ಡಿಂಗು, ಬಣ್ಣ, ಜೋಡಣೆ: ಈ ಕ್ರಮವೇ ಪ್ರಮಾಣ.

ಸಿದ್ಧಾಂತ: ಅಲ್ಲ. ತಗಡಿನ ಸುರುಳಿ ಉದ್ಭವಮೂರ್ತಿಯಲ್ಲ. 'ಖುದ್ದು ಸ್ಥಳಕ್ಕೆ ಹೋಗಿ ನೋಡು' ಎಂಬುದು ಟೊಯೋಟಾದವರದೇ ಮಹಾವಾಕ್ಯ. ಅದನ್ನು ನಂಬಿದವನು ಬೆಟ್ಟ ಹತ್ತಲೇಬೇಕು. 1923ರಲ್ಲಿ ಉರಿ ಹೊತ್ತಿದ ಭದ್ರಾವತಿಯ ಕಬ್ಬಿಣದ ಕುಲುಮೆಗೆ ಅದಿರು ಹೋದದ್ದು ಇಲ್ಲಿಂದ. ರೋಪ್‌ವೇ ತೊಟ್ಟಿಗಳಲ್ಲಿ ಕೂತು ಬೆಟ್ಟ ಕಂತುಕಂತಾಗಿ ಇಳಿಯಿತು. ಭದ್ರಾವತಿ ಕಾರ್ಖಾನೆಗೆ ಹಿಂದೆ ಅಧ್ಯಕ್ಷರಾಗಿದ್ದ ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಕಾರು ತಯಾರಿಕೆ ನೋಡಲೆಂದೇ ಯೂರೋಪು, ಅಮೆರಿಕ ಸುತ್ತಿ ಬಂದರು. ಆದ್ದರಿಂದ ಅವರೇ ಈ ಶಾಸ್ತ್ರದ ಮೂಲಋಷಿ. ಅವರು ಯೋಜನೆ ಬರೆದರು, ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಬೆಂಗಳೂರಿಗೆ ಆಗ ಕಾರು ಕಾರ್ಖಾನೆ ಬರಲಿಲ್ಲ. ಬೆಟ್ಟದಿಂದ ಅದಿರು ಇಳಿಯುವುದು ಆಗ ನಿಲ್ಲಲೂ ಇಲ್ಲ.

ಆಕ್ಷೇಪ: ಬೆಟ್ಟದ ಮೇಲೆ ಜೋಡಣೆಯ ಸಾಲು ಎಲ್ಲಿದೆ?

ಸಮಾಧಾನ: ಭಾನುವಾರ ಬಂದು ನೋಡಿ. ಲಿಂಗದಹಳ್ಳಿಯಿಂದ ಕಲ್ಲತ್ತಿಗಿರಿ ದಾಟಿ, ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗುವಂತೆ ತೆವಳುವ ಕಾರುಗಳ ಸಾಲು, 1913ರಲ್ಲಿ ಫೋರ್ಡ್ ಹೂಡಿದ ಸಾಲಿಗಿಂತ ಯಾವುದರಲ್ಲಿ ಕಡಿಮೆ? ಮುಂದಿನದು ಸರಿದರಷ್ಟೇ ಹಿಂದಿನದು ಸರಿಯಬೇಕೆಂಬ ಲಕ್ಷಣ ಎರಡಕ್ಕೂ ಸಮಾನ. ಜಪಾನಿ ಪದ್ಧತಿಯಲ್ಲಿ ದೋಷ ಕಂಡ ಕಾರ್ಮಿಕ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದು. ಇಲ್ಲಿ ಮಂಜು ಕಂಡ ಯಾರು ಬೇಕಾದರೂ ಸೆಲ್ಫಿಗಾಗಿ ನಿಲ್ಲಿಸಬಹುದು. ವಿಭಾಗಗಳಿಗೂ ಕೊರತೆಯಿಲ್ಲ: ಕ್ಲಚ್ ಸುಡುವ ವಿಭಾಗ, ಕನ್ನಡಿ ಮಡಚುವ ವಿಭಾಗ, 'ಬರ್ಲಿ ಬರ್ಲಿ, ಸಾಕ್ ಸಾಕ್' ವಿಭಾಗ. ಹೆಬ್ಬೆ ಜಲಪಾತದ ಜೀಪು ಹಾದಿ ಅಂತಿಮ ತಪಾಸಣೆಗೆ ಮೀಸಲು. ಅಲ್ಲಿ ತಪಾಸಣೆಯಾಗುವುದು ಮಾತ್ರ ಪ್ರಯಾಣಿಕರ ಸೊಂಟ.

ಪುನರಾಕ್ಷೇಪ: ಈ ಕಾರುಗಳ ಉಕ್ಕು ಇದೇ ಬೆಟ್ಟದ್ದೆನ್ನಲು ಏನು ಪ್ರಮಾಣ?

ಸಮಾಧಾನ: ಏನೂ ಇಲ್ಲ. ಇದಲ್ಲದಿದ್ದರೆ ಇನ್ನೊಂದು ಬೆಟ್ಟದ್ದು. ಆ ಬೆಟ್ಟವನ್ನು ಯಾವ ಗೈಡು ತೋರಿಸಿದ್ದಾನೆ?

ನಿರ್ಣಯ: ಗೈಡು ಮೊದಲು ಅಗೆದ ಜಾಗವನ್ನು ತೋರಿಸತಕ್ಕದ್ದು, ಹೊಳೆಯುವ ಬಾನೆಟ್ಟು ಆಮೇಲೆ. ಬೆಲೆಪಟ್ಟಿಯಲ್ಲಿ ಎಕ್ಸ್-ಶೋರೂಮ್, ಆನ್-ರೋಡ್ ಎಂಬ ಎರಡು ದರಗಳಿಗೂ ಮೇಲೆ ಎಕ್ಸ್-ಬೆಟ್ಟ ಎಂಬ ಮೂರನೆಯದನ್ನು ನಮೂದಿಸತಕ್ಕದ್ದು. ಇದರ ಮೇಲೆ ರಿಯಾಯಿತಿ ಕೇಳತಕ್ಕದ್ದಲ್ಲ.