ಹಳೇ ಜೋಡುನಳಿಗೆಗೆ ಯಾವ ಕೇಪು?

ಗೌಡ್ರೇ, ನಿಮ್ಮ ಮಗ ಅಮೆರಿಕದಿಂದ ಕೇಳಿ ಕಳಿಸಿದ್ದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಡಬಹುದು. ತೋಟೆ ತುಂಬುವ ಲೆಕ್ಕದ ಪುಸ್ತಕದಲ್ಲಿ ಯಾವ ಕೇಪಿನ ಹೆಸರಿದೆಯೋ ಅದೇ ಹಾಕಬೇಕು. ಅಂಗಡಿಯಲ್ಲಿ ಅದು ಸಿಗದಿದ್ದರೆ ಸಿಗೋ ತನಕ ತುಂಬುವುದೇ ಬೇಡ. ಆದರೆ ಅವನು ಅಷ್ಟಕ್ಕೆ ಸುಮ್ಮನಾಗುವವನಲ್ಲ, ಕಾರಣ ಕೇಳ್ತಾನೆ. ಬೇಲಿ ಪಕ್ಕದ ಆ ಕಲ್ಲಿನ ಮೇಲೆ ಕೂತ್ಕೊಳ್ಳಿ, ಹೇಳ್ತೀನಿ.

ಕೊಂಡಿರೋದು ಹಳೇ ಪಾರ್ಕರ್ ಅಂದ್ರಲ್ಲ? ಕನೆಕ್ಟಿಕಟ್‌ನ ಮೆರಿಡನ್ ಊರಲ್ಲಿ ತಯಾರಾದ ಕೋವಿ, ಕೈಗೆ ತಗೊಂಡರೆ ಬಿಡೋಕೆ ಮನಸ್ಸು ಬರಲ್ಲ. ಇವತ್ತಿನ 12 ಬೋರ್ ತೋಟೆಗೆ ಅಮೆರಿಕದವರು ಇಟ್ಟಿರುವ ಒತ್ತಡದ ಮಿತಿ 11,500 ಪಿಎಸ್‌ಐ. ಅಂಥ ಮುದಿ ನಳಿಗೆಗೆ ಅದು ಜಾಸ್ತಿ. ಅದಕ್ಕೇ ಹಳೇ ಕೋವಿ ಇಟ್ಟುಕೊಂಡವರು 7,000ದ ಆಸುಪಾಸಿನ ಮೆದು ತೋಟೆಯನ್ನು ತಾವೇ ತುಂಬಿಕೊಳ್ಳುತ್ತಾರೆ.

ಈ ಲೆಕ್ಕವನ್ನೇ ಮದ್ದಿಗೆ ಬೆಂಕಿ ಹೊತ್ತಿಸುವ ಕೇಪು ಕೆಡಿಸಿಬಿಡಬಹುದು. 209 ಅನ್ನೋ ಒಂದೇ ನಂಬರಿನಲ್ಲಿ ಎಷ್ಟೋ ಕಂಪನಿಯ ಕೇಪು ಬರುತ್ತೆ. ನೋಡೋಕೆ ಎಲ್ಲಾ ಒಂದೇ ಥರ, ಉರಿ ಮಾತ್ರ ಬೇರೆ ಬೇರೆ. ಫೆಡರಲ್‌ನವರ 209ಎ ಜೋರು ಅಂತಲೇ ಹೆಸರಾಗಿದೆ. ಮದ್ದು, ಚರೆ, ಖಾಲಿ ತೋಟೆ ಎಲ್ಲಾ ಹಾಗೇ ಇಟ್ಟು ಕೇಪೊಂದನ್ನೇ ಬದಲಾಯಿಸಿದರೂ ಒತ್ತಡ ಸಾವಿರಗಟ್ಟಲೆ ಪಿಎಸ್‌ಐ ಏರಬಹುದು.

“ಹಂಗಾದ್ರೆ ಮೆತ್ತಗಿರೋ ಕೇಪೇ ಹಾಕ್ಲಿ ಬಿಡಿ, ಹಳೇ ಕೋವಿಗೆ ಒಳ್ಳೇದಲ್ವಾ?”

ಎಲ್ಲರಿಗೂ ಹಾಗೇ ಅನ್ನಿಸುತ್ತೆ ಗೌಡ್ರೇ, ನನಗೆ ಹೆದರಿಕೆ ಇರೋದೂ ಅಲ್ಲೇ. ಮೆದು ತೋಟೆಗೆ ಎಷ್ಟೋ ಸಲ ನಿಧಾನಕ್ಕೆ ಉರಿಯುವ ಮದ್ದು ಹಾಕಿರ್ತಾರೆ. ಅಲ್ಲಿಯ ಚಳಿಗಾಲದಲ್ಲಿ, ಹಿಮ ಬೀಳೋ ಹೊತ್ತಲ್ಲಿ, ಅದಕ್ಕೆ ಮೆತ್ತಗಿನ ಕೇಪು ಹಾಕಿದರೆ ಹಸಿ ಸೌದೆಗೆ ಕಡ್ಡಿ ಗೀರಿದ ಹಾಗೆ. ಢಮ್ ಅನ್ನಬೇಕಾದ್ದು ಪುಸ್ ಅನ್ನುತ್ತೆ. ಚರೆ ಹತ್ತಿರದಲ್ಲೇ ಉದುರಿ, ಮದ್ದಿಗೂ ಚರೆಗೂ ನಡುವಿನ ವ್ಯಾಡ್ ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದನ್ನು ನೋಡದೆ ಇನ್ನೊಂದು ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತೆ, ಮುಂದೆ ಹಿಡಿದಿರೋ ಎಡಗೈ ಇರೋ ಜಾಗದಲ್ಲೇ ಸಿಡಿದರೂ ಸಿಡೀತು. ಸದ್ದು ಕಮ್ಮಿ ಬಂತು ಅಂದ ಕೂಡಲೇ ಕೋವಿ ಮುರಿದು, ತೋಟೆ ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡೋಕೆ ಹೇಳಿ. ನಳಿಗೆಯಲ್ಲಿ ಉರಿಯದ ಮದ್ದಿನ ಚೂರು ತುಂಬಾ ಕಂಡರೆ ಆ ಲೆಕ್ಕವೇ ಆ ಹವೆಗೆ ಆಗಲ್ಲ ಅಂತ.

ಕುದುರೆ ಬಿದ್ದರೂ ಕೇಪು ಹಾರದೇ ಹೋಗೋದೂ ಉಂಟು. ಆಗ ತಕ್ಷಣ ಕೋವಿ ಮುರಿಯಬಾರದು, ಮೂತಿಯನ್ನು ಖಾಲಿ ಕಡೆಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಆಮೇಲೆ ಕೇಪಿನ ಮೇಲಿನ ಗುಳಿ ನೋಡಬೇಕು. ಗುಳಿ ಆಳವಿಲ್ಲದಿದ್ದರೆ ಕೇಪನ್ನು ಬೈದು ಪ್ರಯೋಜನ ಇಲ್ಲ, ಸ್ಪ್ರಿಂಗು ಸೋತಿರುತ್ತೆ, ಇಲ್ಲಾ ಕೇಪು ಒಳಗೆ ಜಾಸ್ತಿ ಇಳಿದಿರುತ್ತೆ.

ಇನ್ನೊಂದು. ಷೆಡಿಟ್ ಕಂಪನಿಯ ಕೇಪು ವಿಂಚೆಸ್ಟರ್‌ನವರ ಕೇಪಿಗಿಂತ ಕೂದಲೆಳೆಯಷ್ಟು ದಪ್ಪ. ಅದು ಒಂದು ಸಲ ಕೂತ ಖಾಲಿ ತೋಟೆಗೆ ಮುಂದೆ ವಿಂಚೆಸ್ಟರ್ ಕೇಪು ಹಾಕಿದರೆ ಸಡಿಲ. ಸಂದಿಯಿಂದ ಬಿಸಿ ಗಾಳಿ ಹಿಂದಕ್ಕೆ ನುಗ್ಗಿ ಕೋವಿಯ ಹಿಂಭಾಗವನ್ನೇ ತಿನ್ನುತ್ತೆ. ಖಾಲಿ ತೋಟೆಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡಲಿ.

ಎಲ್ಲಾದರೂ ಅಗ್ಗಕ್ಕೆ ಸಿಕ್ಕಿತು ಅಂತ ಅಜ್ಜನ ಕಾಲದ ಕೇಪು ತರದೇ ಇರಲಿ. ಅವುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರ್ತಿತ್ತು. ಉರಿದ ಮೇಲೆ ಅದು ನಳಿಗೆಯಲ್ಲಿ ಉಪ್ಪು ಬಿಟ್ಟು, ಉಪ್ಪು ತೇವ ಎಳೆದು, ತುಕ್ಕು ಹಿಡಿಸುತ್ತಿತ್ತು. ಎಣ್ಣೆಗೆ ಆ ಉಪ್ಪು ಕರಗಲ್ಲ, ನೀರಿಗೇ ಕರಗಬೇಕು. ಹಿಂದಿನವರು ನಳಿಗೆಗೆ ಕುದಿನೀರು ಹುಯ್ದು ಒಣಗಿಸಿ ಆಮೇಲೆ ಎಣ್ಣೆ ಸವರುತ್ತಿದ್ದುದು ಅದಕ್ಕೇ.

ಇದೆಲ್ಲಕ್ಕೂ ಮೊದಲು ಹಳೇ ಕೋವಿ ಬಲ್ಲ ರಿಪೇರಿಯವನಿಂದ ನಳಿಗೆಯ ದಪ್ಪವನ್ನೂ ತೋಟೆ ಕೂರುವ ಜಾಗದ ಉದ್ದವನ್ನೂ ಅಳತೆ ಮಾಡಿಸಲಿ. ಇವತ್ತು ರಾತ್ರಿ ಅವನು ಫೋನ್ ಮಾಡಿದರೆ ನನಗೂ ಕೊಡಿ ಗೌಡ್ರೇ. ಯಾವ ಮದ್ದು ತಂದಿದ್ದಾನೆ ಅಂತ ಕೇಳಬೇಕು.