ದೇವರಿಗೂ ವರ್ಕ್ ಫ್ರಮ್ ಹೋಮ್

2020ರ ಮಾರ್ಚ್ 25, ಸರಿಯಾಗಿ ಯುಗಾದಿಯ ದಿನವೇ ಕೊರೊನಾದಿಂದ ದೇಶಕ್ಕೆಲ್ಲ ಬೀಗ ಬಿತ್ತು. ಆ ವರ್ಷ ಬೇವು ಬೆಲ್ಲದಲ್ಲಿ ಬೆಲ್ಲ ಹಾಕುವುದನ್ನು ಯಾರೋ ಮರೆತಿರಬೇಕು. ದೇವಸ್ಥಾನಗಳು ಭಕ್ತರಿಗೆ ಮತ್ತೆ ತೆರೆದದ್ದು ಜೂನ್ 8ಕ್ಕೆ. ಅಲ್ಲಿಯವರೆಗೆ ದೇವರಿಗೂ ಸಾಫ್ಟ್‌ವೇರ್‌ನವರ ಹಾಗೆ ಮನೆಯಿಂದಲೇ ಕೆಲಸ.

ನಮ್ಮತ್ತೆಗೆ ಇದರಿಂದ ಏನೂ ತೊಂದರೆಯಾಗಲಿಲ್ಲ. ಮಾರ್ಚ್ 28ರಿಂದ ದೂರದರ್ಶನದಲ್ಲಿ ರಮಾನಂದ ಸಾಗರರ ರಾಮಾಯಣ ಮತ್ತೆ ಶುರುವಾಯಿತಲ್ಲ, ಟೀವಿಗೇ ಮಂಗಳಾರತಿ! ನಮ್ಮ ಯಜಮಾನರ ಭಕ್ತಿಯೂ ಹೆಚ್ಚಿತು: ಕೆಲಸದವಳು ಬರದ ಕಾರಣ ಪಾತ್ರೆ ತೊಳೆಯುವ ಸರದಿ ಅವರದಾಗಿ, ಒಂದೊಂದು ಬಾಣಲೆಗೂ ‘ಅಯ್ಯೋ ಶಿವನೇ’ ಎಂಬ ನಾಮಸ್ಮರಣೆ.

ಆಮೇಲೆ ಅವರ ಸಂಬಳ ಅರ್ಧವಾಯಿತು. ನಗು ನಿಂತಿತು. ಅತ್ತೆ ಮಾತಾಡದೆ ಅಡುಗೆಮನೆಗೆ ಹೋಗಿ ಸಾಸಿವೆ ಡಬ್ಬಿ ತಂದು ಮೇಜಿನ ಮೇಲೆ ಬೋರಲು ಹಾಕಿದರು. ಸಾಸಿವೆಗಿಂತ ನೋಟೇ ಹೆಚ್ಚು! ಪುರಂದರದಾಸರ ಕಥೆಯಲ್ಲೂ ಹೀಗೇ ತಾನೆ? ದಾಸರಾಗುವ ಮೊದಲಿನ ಆ ಜಿಪುಣ ನಾಯಕರ ಮುಂದೆ ಎಷ್ಟು ಅಂಗಲಾಚಿದರೂ ವಿಠಲನಿಗೆ ದಕ್ಕದ್ದು ಹೆಂಡತಿಯ ಮೂಗುತಿಯಿಂದ ದಕ್ಕಿತು. ಯಾವ ಮನೆಯಲ್ಲಿ ಯಾರನ್ನು ಕೇಳಬೇಕೆಂಬುದು ಅವನಿಗೆ ಚೆನ್ನಾಗಿ ಗೊತ್ತು.

‘ಯಾರು ಕೊಟ್ಟದ್ದಮ್ಮಾ ಇಷ್ಟೊಂದು?’ ಎಂದರು ಯಜಮಾನರು.

‘ದೇವರು.’

ಮಾವ ಕನ್ನಡಕ ಏರಿಸಿ ನೋಡಿದರು. ನಡುವೆ 2016ರಲ್ಲಿ ರದ್ದಾದ ಐನೂರರ ಹಳೇ ನೋಟೂ ಒಂದಿತ್ತು. ‘ಇದನ್ನಂತೂ ದೇವರು ನನ್ನ ಅಂಗಿ ಜೇಬಿನಿಂದಲೇ ಎತ್ತಿದ್ದು’ ಎಂದರು.