ಶ್ರೀಮಾನ್ ಬಟ್ಟೆ ಚೀಲದವರ ಸನ್ನಿಧಿಗೆ

ವಿಜಯಪುರದ ಬಜಾರುಗಳಲ್ಲಿ ಹೆಗಲಿಂದ ಹೆಗಲಿಗೆ ಜೋತಾಡುವ ಬಟ್ಟೆ ಚೀಲದವರೇ, ಸಾಷ್ಟಾಂಗ ನಮಸ್ಕಾರ. ಪ್ರತಿ ಜೂನ್ 5ರ ಪರಿಸರ ದಿನಕ್ಕೆ ತಾವು ಹೊಸ ಅವತಾರ ಎತ್ತುತ್ತೀರಿ. ಮೈಮೇಲೊಂದು ಗಿಡ, ಅದಕ್ಕಿಂತ ದೊಡ್ಡದಾಗಿ ಹಂಚಿದವರ ಮುಖ. ಹೊಟ್ಟೆಯೊಳಗೆ ಮಾತ್ರ ಪ್ಲಾಸ್ಟಿಕ್ ಪಾಕೀಟಿನ ಹಾಲು, ಪ್ಲಾಸ್ಟಿಕ್ ಪಾಕೀಟಿನ ಟಿಕೋಟಾ ಒಣದ್ರಾಕ್ಷಿ, 2016ರಲ್ಲೇ ರಾಜ್ಯ ನಿಷೇಧಿಸಿದ ಕ್ಯಾರಿಬ್ಯಾಗಿನಲ್ಲಿ ನೀರು ಜಿನುಗುವ ಕೊತ್ತಂಬರಿ. ತಪ್ಪು ತಮ್ಮದಲ್ಲ. ತಮ್ಮನ್ನು ಹೆಗಲಿಗೇರಿಸಿದ ಗಳಿಗೆಯಲ್ಲೇ ಪರಿಸರದ ಬಾಕಿ ಚುಕ್ತಾ ಆಯಿತೆಂದು ನಂಬುವವರ ಬಗ್ಗೆ ಈ ತಕರಾರು.

ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ಈ ನೆಲದಲ್ಲಿ ಆದಿಲ್‌ಶಾಹಿಗಳು ತಂಬಿಗೆ ನೀರನ್ನು ಹಿಡಿತದಿಂದ ಬಳಸಿರೆಂದು ಡಂಗುರ ಸಾರಿಸಿ ಸುಮ್ಮನಾಗಲಿಲ್ಲ. ತೊರವಿಯಿಂದ ಶಹರಕ್ಕೆ ನೆಲದಡಿ ಸುರಂಗ ಕೊರೆಸಿದರು. 1620ರ ಹೊತ್ತಿಗೆ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದರು. ಕೊಳವೆಯ ಒತ್ತಡ ತಗ್ಗಿಸಲು ಗಂಜ್ ಎಂಬ ಕಲ್ಲಿನ ಗೋಪುರ ನಿಲ್ಲಿಸಿದರು. ಬಬಲೇಶ್ವರ ಸೀಮೆಯಲ್ಲಿ ಮಮದಾಪುರದ ಆ ಕಾಲದ ಕೆರೆಗೆ ನಮ್ಮ ಕಾಲದಲ್ಲಿ ನೀರು ಬಂದದ್ದೂ ಕೃಷ್ಣೆಯಿಂದ ಕೆರೆ ತುಂಬಿಸುವ ಯೋಜನೆಯಿಂದ, ಯಾರೋ ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿದ್ದರಿಂದಲ್ಲ.

ಹನಿ ಹನಿ ಗೂಡಿದರೆ ಹಳ್ಳ ಎಂದು ತಮ್ಮ ಭಕ್ತರು ಗದರಿಸುತ್ತಾರೆ. ಖರೆ. ಆದರೆ ಹನಿ ಗೂಡಲು ತಗ್ಗು ಬೇಕಲ್ಲ, ಅದನ್ನು ತೋಡಲು ಒಬ್ಬರ ಕೈ ಸಾಲದು. ಪಡಸಾಲೆಯ ಬಲ್ಬು ಆರಿಸಿದರೂ ಕೂಡಗಿಯ 2400 ಮೆಗಾವ್ಯಾಟಿನ ಸ್ಥಾವರ ಕಲ್ಲಿದ್ದಲನ್ನೇ ಉಣ್ಣುತ್ತದೆ. ಅದರ ಊಟ ಬದಲಾಗಬೇಕಾದದ್ದು ಸರ್ಕಾರದ ಕಡತದಲ್ಲಿ. ದೊಡ್ಡ ಯೋಜನೆಯ ನೀರು ದೊಡ್ಡವರ ಹೊಲಕ್ಕೇ ಹರಿಯುತ್ತದೆ, ಚೀಲವಾದರೂ ನಮ್ಮ ಕೈಯಲ್ಲಿದೆ ಎನ್ನುವವರೂ ಇದ್ದಾರೆ. ಇದು ತೂಕದ ಮಾತು. ಕೆರೆ ತುಂಬಿಸುವ ಏತ ನೀರಾವರಿಯ ಪಂಪಿಗೂ ಕರೆಂಟು ಬೇಕು. ಮೇಲೆತ್ತಿದ ನೀರೆಲ್ಲ ಕಬ್ಬು, ದ್ರಾಕ್ಷಿಯ ಪಾಲಾದರೆ, ಡೋಣಿ ಹೊಳೆಯ ದಂಡೆಯ ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಎಂಬುದು ಬರೀ ಗಾದೆಯಾಗಿ ಉಳಿದೀತು. ಲೆಕ್ಕ ಕೇಳಬೇಕಾದದ್ದು ಇಲ್ಲೇ. ಕೇಳಬೇಕಾದ ಜನ ತಮ್ಮನ್ನು ಹಿಡಿದು ಬಜಾರಿಗಷ್ಟೇ ಹೋಗಿ ಬಂದರೆ ಲೆಕ್ಕ ಕೊಡಬೇಕಾದವರಿಗೆ ಎಷ್ಟು ನಿರಾಳ!

ಆದ್ದರಿಂದ ಚೀಲದವರೇ, ಇನ್ನೊಮ್ಮೆ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಹಾಯುವಾಗ ತಮ್ಮೊಳಗೊಂದು ಅರ್ಜಿಯೂ ಇರಲಿ: ಯಾವ ಕೆರೆಗೆ ಎಷ್ಟು ನೀರು ಬಂತು, ಯಾವ ಬೆಳೆಗೆ ಹೋಯಿತು, ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿವೆ. ಕೊತ್ತಂಬರಿಯ ಕೆಳಗೆ ಸಿಕ್ಕು ತೊಯ್ದೀತು, ಮೇಲಿಟ್ಟುಕೊಳ್ಳಿ.

ಇತಿ,
ತಮ್ಮನ್ನು ಹೊರುವ ಹೆಗಲುಗಳಲ್ಲೊಂದು